ಒಂದು ಹೆಬ್ಬೆರಳಿನ ಕುರಿತು

ಕಳೆದ ವಾರ ಕೊರಟಗೆರೆಯಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯೂನಿಫಾರ್ಮ್ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಕುಳಿತಿದ್ದಳು. ಕಿಟಕಿಯ ಗಾಳಿಗೆ ಅವಳ ತಲೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಮಂದವಾದ, ಒಮ್ಮೆ ಮೂಗಿಗೆ ಹತ್ತಿದರೆ ಬಿಡದ ವಾಸನೆ. ಅಂದಿನಿಂದ ಒಂದು ಹಳೆಯ ವಿಷಯವು ನನ್ನನ್ನು ಬಾಧಿಸುತ್ತಿರುವುದರಿಂದ ಅದನ್ನು ಬರೆದಿಡಲು ತೀರ್ಮಾನಿಸಿದ್ದೇನೆ. ನಾನು ಈವರೆಗೆ ಬರೆದಿರುವುದು ಅರ್ಜಿ, ವರದಿ ಮತ್ತು ಸಮಜಾಯಿಷಿಗಳನ್ನು ಮಾತ್ರ. ಆದ್ದರಿಂದ ಈ ಬರಹದಲ್ಲಿ ಕಂಡುಬರುವ ಲೋಪದೋಷಗಳನ್ನು ಓದುಗರು ದಯಮಾಡಿ ಮನ್ನಿಸಬೇಕಾಗಿ ಕೋರುತ್ತೇನೆ.

ನಮ್ಮ ಊರು ಮಧುಗಿರಿ ತಾಲ್ಲೂಕಿನಲ್ಲಿ, ಪಾವಗಡದ ಕಡೆಗಿದೆ. ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳಿನ ಗುರುತು ಪಡೆಯುವ ಯಂತ್ರದ ಮುಂದೆ ಕೂರುವುದು, ಆ ಯಂತ್ರ ಬಂದ ದಿನದಿಂದ ಇಂದಿನವರೆಗೆ, ನನ್ನ ಕೆಲಸವಾಗಿದೆ. ಯಂತ್ರವು ಬೆರಳನ್ನು ಒಪ್ಪಿದರೆ ಆ ತಿಂಗಳ ಅಕ್ಕಿ ಸಿಗುತ್ತದೆ, ಒಪ್ಪದಿದ್ದರೆ ಇಲ್ಲ. ಗದ್ದೆ, ಹೊಲಗಳಲ್ಲಿ ದುಡಿದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಅಂಥವರು ಬೆರಳನ್ನು ತಮ್ಮ ಎಣ್ಣೆ ತಲೆಗೆ ಒಮ್ಮೆ ಒರೆಸಿಕೊಂಡು ಗಾಜಿನ ಮೇಲೆ ಇಡುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಜಿಡ್ಡು ತಾಗಿದರೆ ಗುರುತು ಮೂಡುತ್ತದೆ. ವಯಸ್ಸಾದವರಾದರೆ ನಾನೇ ಅವರ ಬೆರಳನ್ನು ಹಿಡಿದು, ಗಾಜಿನ ನಡುವೆ ಸರಿಯಾಗಿ ಕೂರಿಸಿ, ಮೃದುವಾಗಿ ಒತ್ತುತ್ತಿದ್ದೆ. ಈ ಸಂಗತಿಯನ್ನು ಓದುಗರು ದಯಮಾಡಿ ಗಮನದಲ್ಲಿಡಬೇಕು.

ಎಂಟು ವರ್ಷಗಳ ಹಿಂದೆ, ಒಂದು ತಿಂಗಳ ಕೊನೆಯ ದಿನ ಬೆಳಿಗ್ಗೆ, ನಮಗೆ ಯಾರಿಗೂ ಪರಿಚಯವಿಲ್ಲದ ಅಜ್ಜಿಯೊಬ್ಬರು ಸಾಲಿನಲ್ಲಿ ಬಂದು ನಿಂತರು. ಪಾವಗಡದ ಆಚೆಯವರು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸಕ್ಕೆಂದು ನಮ್ಮ ಊರಿನ ಶೆಡ್ಡಿನಲ್ಲಿ ಬಂದು ಉಳಿದಿದ್ದವರು. ಬೇರೆ ಊರಿನ ಕಾರ್ಡಿನವರಿಗೂ ಅಕ್ಕಿ ಕೊಡಬಹುದಾಗಿತ್ತು, ಆದ್ದರಿಂದ ನನ್ನ ಆಕ್ಷೇಪಣೆ ಏನೂ ಇರಲಿಲ್ಲ. ಸಾಲಿನಲ್ಲಿದ್ದ ಯಾರೋ ಅವರನ್ನು ಯಾವ ಊರು, ಯಾವ ಕೇರಿ ಎಂದು ಕೇಳಿದರು. ಅಜ್ಜಿ ಹೇಳಿದರು. ಹೇಳಿದ ಮೇಲೆ ಅವರ ಹಿಂದೆಯೂ ಮುಂದೆಯೂ ಸಾಲಿನಲ್ಲಿ ಒಂದು ಮಾರು ಜಾಗ ಖಾಲಿಯಾಯಿತು...

ಅವರ ಸರದಿ ಬಂದಾಗ ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟರು. ಯಂತ್ರ ಒಪ್ಪಲಿಲ್ಲ. ಹುಣಸೆಯ ಹುಳಿಯಲ್ಲಿ ನೆನೆದು, ಕಪ್ಪಾಗಿ, ಸೀಳುಬಿಟ್ಟಿದ್ದ ಬೆರಳು ಅದು. ಮತ್ತೆ ಇಟ್ಟರು, ಒಪ್ಪಲಿಲ್ಲ.

"ಅಜ್ಜೀ, ಹುಣಸೆಹಣ್ಣಿನ ಜತೆ ಬೆರಳ್ನೂ ಕುಟ್ಟಾಕ್ಬುಟ್ಟಿದ್ದೀಯಾ ಹೆಂಗೆ?" ಎಂದು ಸಾಲಿನಿಂದ ಒಬ್ಬರು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ.

"ತಲೆಗೆ ಒರಸ್ಕಂಡು ಇಡಮ್ಮ" ಎಂದೆ. ಅಜ್ಜಿ ತಲೆಗೆ ಒರೆಸಿಕೊಂಡರು. ಆದರೆ ಅವರ ಕೂದಲು ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ, ಹುಲ್ಲಿನಂತೆ ಒಣಗಿತ್ತು. ಮೂರನೆಯ ಸಲವೂ ಯಂತ್ರ ಒಪ್ಪಲಿಲ್ಲ.

"ಇಂಕೊಂದ್ ಸಾರಿ ಚೂಡು ನಾಯ್ನಾ. ಇವತ್ ಬಿಟ್ರೆ ಈ ತಿಂಗ್ಳು ಬಿಯ್ಯಂ ಇಲ್ಲ ನಂಗೆ" ಎಂದರು. ತೆಲುಗು ಬೆರೆತ ಮಾತು: ಇನ್ನೊಂದು ಸಲ ನೋಡಪ್ಪ ಎಂದರ್ಥ, ಬಿಯ್ಯಂ ಎಂದರೆ ಅಕ್ಕಿ. ನಾನು ಕೈಯನ್ನು ಮುಂದೆ ಚಾಚಲಿಲ್ಲ. ಅಂದು ಬೆಳಿಗ್ಗೆಯಿಂದ ಹತ್ತಾರು ಮುದುಕರ ಬೆರಳನ್ನು ಹಿಡಿದಿದ್ದ ಕೈ ಅದು. "ಏನ್ ಮಾಡಾಕಾಯ್ತದೆ, ಮಿಷನ್ ತಗೊಳ್ತಿಲ್ಲ ಕಣಮ್ಮ, ಪಕ್ಕಕ್ಕೆ ನಿಂತ್ಕ" ಎಂದೆ.

ಆಗ ಒಬ್ಬ ಪುಟ್ಟ ಹುಡುಗಿ ಬಂದಳು. ನಮ್ಮ ಮನೆಯ ಹಿಂದಿನ ಬೀದಿಯವಳು, ಆರೋ ಏಳೋ ವರ್ಷ. ತಾಯಿಯ ಜೊತೆ ಸಾಲಿನಲ್ಲಿ ನಿಂತಿದ್ದವಳು, ಆ ಖಾಲಿ ಜಾಗವನ್ನು ದಾಟಿ ನೇರವಾಗಿ ಅಜ್ಜಿಯ ಮುಂದೆ ಬಂದು ನಿಂತಳು. ಶಾಲೆಗೆ ತಯಾರಾಗಿದ್ದ ಅವಳ ಎರಡು ಜಡೆಗಳಿಂದ ಎಣ್ಣೆ ಹಣೆಯವರೆಗೂ ಇಳಿದಿತ್ತು.

"ನಿನ್ ತಲೇಲಿ ಎಣ್ಣೆನೇ ಇಲ್ವಲ್ಲ ಅಜ್ಜಿ! ನನ್ ತಲೇಲಿ ಬೇಕಾದಂಗೈತೆ, ಒರಸ್ಕ" ಎಂದಳು.

ಅಜ್ಜಿ ಹಿಂದೆ ಸರಿದರು. ಮಗು ಬಿಡಲಿಲ್ಲ. ಅವರ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡು, ಆ ಹೆಬ್ಬೆರಳನ್ನು ತನ್ನ ಬೈತಲೆಯ ಮೇಲೆ ಚೆನ್ನಾಗಿ ತಿಕ್ಕಿಕೊಂಡಳು. ಆ ಮೇಲೆ ತುದಿಗಾಲಿನ ಮೇಲೆ ನಿಂತು, ನಾನು ಮಾಡುವುದನ್ನು ದಿನವೂ ನೋಡಿದವಳಂತೆ, ಬೆರಳನ್ನು ಗಾಜಿನ ಮೇಲೆ ಕೂರಿಸಿ ಒತ್ತಿದಳು.

ಯಂತ್ರ ಒಪ್ಪಿತು. ಚೀಟಿ ಹೊರಬಂತು.

"ಬಂತು, ಬಂತು!" ಎಂದು ಅವಳು ಕುಣಿಯುತ್ತಿರುವಾಗಲೇ ತಾಯಿ ಬಂದು ರಟ್ಟೆ ಹಿಡಿದರು. "ಲೇ, ಬಾರೇ ಈಚೆಗೆ! ಯಾರು ಏನು ಅಂತ ಇಲ್ದೆ ತಲೆ ಮುಟ್ಟುಸ್ಕಂಬುಟ್ಯಲ್ಲೇ. ನಡಿ ಮನೇಗೆ, ತಲೆಗೆ ನೀರು ಹಾಕ್ತೀನಿ."

"ಯಾಕವ್ವಾ? ಈಗ್ತಾನೆ ಎಣ್ಣೆ ಹಚ್ದ್ಯಲ್ಲ! ಅಜ್ಜಿಗೆ ಅಕ್ಕಿ ಬಂತಲ್ಲವ್ವಾ."

ತಾಯಿ ಅವಳ ಬೆನ್ನಿಗೆ ಒಂದು ಏಟು ಹಾಕಿದರು. ಮಗು ಅಳಲಿಲ್ಲ. ನನ್ನ ಕಡೆಗೆ ತಿರುಗಿ, "ಮಾವ, ನೀನೇ ಹೇಳು. ನಾನೇನ್ ತಪ್ ಮಾಡ್ದೆ?" ಎಂದು ಕೇಳಿದಳು. ಆ ಅಂಗಡಿಯಲ್ಲಿ ಸರಿ, ತಪ್ಪು ಹೇಳುವವನು ಯಂತ್ರದ ಮುಂದೆ ಕುಳಿತ ನಾನೇ ಎಂದು ಅವಳು ಭಾವಿಸಿರಬೇಕು.

ನಾನು "ಮುಂದಿನೋರು ಬನ್ನಿ" ಎಂದೆ.

ಅಜ್ಜಿ ಅಕ್ಕಿಯ ಚೀಲವನ್ನು ತಬ್ಬಿಕೊಂಡು, ಗೋಡೆಗೆ ಒತ್ತಿಕೊಂಡು ನಿಂತು, ತಾಯಿ ಮಗಳು ಹೋಗಲು ದಾರಿ ಬಿಟ್ಟರು.

ಇದರ ಬಗ್ಗೆ ನನ್ನ ವಿವರಣೆ ಏನೆಂದು ಯಾರೂ ಕೇಳಿಲ್ಲ. ಆದರೂ ಅನೇಕ ಸಲ ನನ್ನಷ್ಟಕ್ಕೆ ನಾನೇ ವಿವರಣೆ ಸಿದ್ಧಪಡಿಸಿಕೊಂಡಿದ್ದೇನೆ. ಅಂದು ಜನಸಂದಣಿ ಇತ್ತು, ಸರ್ವರ್ ನಿಧಾನವಾಗಿತ್ತು, ಕೊನೆಯ ದಿನವಾಗಿತ್ತು. ಜೊತೆಗೆ, ನಾನು ಅಂಥವನಲ್ಲ. ಅಂಥವನಲ್ಲ ಎಂದೇ ನಂಬಿದ್ದೇನೆ. ಹಾಗಾದರೆ ನಮ್ಮದೇ ಊರಿನ ಅಂಥದೇ ಕೇರಿಯ ಮುದುಕರ ಬೆರಳನ್ನು ಎಂದಾದರೂ ಹಿಡಿದಿದ್ದೆನೇ ಎಂದು ಯೋಚಿಸಿದರೆ... ನೆನಪಾಗುವುದಿಲ್ಲ. ಅವರು ಬೆರಳನ್ನು ತಾವೇ ಇಡುತ್ತಿದ್ದರು. ಅವರಿಗೆ ಇಡಲು ಬರುತ್ತಿದ್ದುದರಿಂದ ನಾನು ಹಿಡಿಯುತ್ತಿರಲಿಲ್ಲವೋ, ನಾನು ಹಿಡಿಯದಿದ್ದುದರಿಂದ ಅವರು ಇಡಲು ಕಲಿತರೋ, ಈ ವಿಷಯದಲ್ಲಿ ನನಗೆ ಇಂದಿಗೂ ಸ್ಪಷ್ಟತೆ ಇಲ್ಲ.

ಮುಂದಿನ ತಿಂಗಳು ಅಜ್ಜಿ ಮತ್ತೆ ಬಂದರು. ಅಂದು ನಾನು ಕೈ ಚಾಚಿದೆ. ಅವರು ಗಾಬರಿಯಿಂದ ತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡ ನಾಯ್ನಾ, ನಾನೇ ಇಡ್ತೀನಿ. ಈ ಸಾರಿ ತಲೆಗೆ ಎಣ್ಣೆ ಹಚ್ಕಂಡೇ ಬಂದೀನಿ" ಎಂದರು. ಒರೆಸಿಕೊಂಡು ಇಟ್ಟರು, ಮೊದಲ ಸಲಕ್ಕೇ ಬಂತು. ಚೀಟಿ ತೆಗೆದುಕೊಂಡವರು ಹಿಂದೆ ಮುಂದೆ ನೋಡಿ, ಮೆಲ್ಲಗೆ ಕೇಳಿದರು: "ಆ ಪಾಪನ್ನ ಆಮೇಲೂ ಹೊಡದ್ರಾ?"

"ಇಲ್ಲಮ್ಮ" ಎಂದೆ. ನನಗೆ ಗೊತ್ತಿರಲಿಲ್ಲ.

ಹುಣಸೆಯ ಕೆಲಸ ಮುಗಿದು ಆ ಗುಂಪು ಹೊರಟುಹೋಯಿತು. ಮರುವರ್ಷ ಗುಂಪು ಬಂದಾಗ ಅವರು ಬರಲಿಲ್ಲ. ಕೇಳಿದೆ. ಶೆಡ್ಡಿನವರು ತಲೆಯಾಡಿಸಿ, ಕೈಯನ್ನು ಮೇಲಕ್ಕೆ ತೋರಿಸಿದರು.

ಆ ಮಗು ಈಗ ಹೈಸ್ಕೂಲಿನಲ್ಲಿದ್ದಾಳೆ. ಬಸ್ಸಿನಲ್ಲಿ ಬಂದ ದಿನದ ಮರುದಿನ, ತಾಯಿಯ ಬದಲು ಅವಳೇ ಅಕ್ಕಿಗೆ ಬಂದಳು. ಸಾಲು ಇರಲಿಲ್ಲ. ಚೀಟಿ ಕೊಡುವಾಗ ಧೈರ್ಯ ಮಾಡಿ ಎಲ್ಲವನ್ನೂ ಜ್ಞಾಪಿಸಿದೆ. ಅಜ್ಜಿ, ಹೆಬ್ಬೆರಳು, ಜಡೆ, ಏಟು.

ಅವಳು ಹುಬ್ಬು ಗಂಟಿಕ್ಕಿದಳು. "ಯಾವಜ್ಜಿ ಮಾವ? ನಂಗ್ ಗ್ಯಾಪ್ನ ಇಲ್ಲಪ್ಪ" ಎಂದು ನಕ್ಕಳು. ಆಮೇಲೆ ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟುತ್ತಾ, ನನಗೆ ಬೇಸರವಾಗದಿರಲೆಂದೋ ಏನೋ, "ನೀನೇನಂದೆ ಆವಾಗ?" ಎಂದು ಕೇಳಿದಳು.

ನೀನು ತಪ್ಪು ಮಾಡಿಲ್ಲ ಮಗಳೇ ಎಂಬ ಮಾತು ಎಂಟು ವರ್ಷಗಳಿಂದ ಸಿದ್ಧವಾಗಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ. ಅದನ್ನು ಕೇಳಿದ್ದ ಮಗು ಎಲ್ಲಿಯೂ ಇರಲಿಲ್ಲ.

"ಏನೂ ಅನ್ಲಿಲ್ಲ ಕಣಮ್ಮ" ಎಂದೆ.

"ಮತ್ತೆ ಬುಡು" ಎಂದು ಅವಳು ಸೈಕಲ್ ಹತ್ತಿ ಹೋದಳು.