ಪಾಟೀಲ ಕಾಕಾರ ಸ್ಕೂಟರೂ ನನ್ನ ಓಟದ ತಾಲೀಮೂ

ಗೆಳೆಯರೇ, ಅಂಧಮಕ್ಕಳ ಶಾಲೆಯ ಸಹಾಯಾರ್ಥ ಓಟಕ್ಕೆ ನಾನು ತಾಲೀಮು ಮಾಡುತ್ತಿರುವುದು ನಿಮಗೆ ಗೊತ್ತು. ಪಕ್ಕದ ಮನೆಯ ಪಾಟೀಲ ಕಾಕು ಇವತ್ತು ಬೆಳಿಗ್ಗೆ ಷರತ್ತು ಹಾಕಿದರು: "ನಡುವ ಎಲ್ಲೂ ನಿಲ್ಲದ ಓಡಿ ಬೇಗಂಪೇಟೆ ಸ್ಟೇಷನ್ ಮುಟ್ಟು, ಶಾಲಿಗೆ ದೇಣಿಗಿ ಕೊಡ್ತೀನಿ." ಕಣ್ಣಾರೆ ನೋಡಲು ತಾವು ಆಟೊ ಹಿಡಿದು ಮೊದಲೇ ಹೋಗಿ ನಿಂತರು.

ಅರ್ಧ ದಾರಿಯಲ್ಲಿ ಅವರ ಯಜಮಾನರು ಪಾಟೀಲ ಕಾಕಾರ ಸ್ಕೂಟರ್ ಪಕ್ಕಕ್ಕೆ ಬಂತು. ಷರತ್ತು ಕಾಕಾಗೆ ಗೊತ್ತಿಲ್ಲ. ನನ್ನ ಬೆನ್ನಿನ ಮೇಲಿದ್ದ ನೀರಿನ ಚೀಲ ಮಾತ್ರ ಕಂಡಿದೆ.

"ಟ್ರೇನ್ ತಪ್ಪತೈತಿ, ಹತ್ತೋ ತಮ್ಮಾ."

ಬೇಡ ಎನ್ನಲು ಉಸಿರಿರಲಿಲ್ಲ, ಕೈ ಬೀಸಿದೆ.

"ಭಾಳ ಗಡಿಬಿಡಿ ಐತಿ, ತಿಳೀತು" ಎಂದು ರಟ್ಟೆ ಹಿಡಿದು ಹತ್ತಿಸಿಕೊಂಡರು. ಎರಡು ಬಸ್ಸುಗಳ ನಡುವೆ ನುಗ್ಗಿ, ರಾಂಗ್ ಸೈಡಿನಲ್ಲಿ ಹಾರಿಸಿ, ಸಿಗ್ನಲ್ಲಿನಲ್ಲೂ ನಿಲ್ಲದೆ ಸ್ಟೇಷನ್ ಮುಟ್ಟಿಸಿದರು.

ಎದುರಿಗೇ ಕಾಕು. ದೇಣಿಗೆ ಹೋಯಿತೆಂದುಕೊಂಡೆ. ಅವರು ಗಂಡನನ್ನು ನೋಡಿದರು, ಕಾಕಾರ ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದ ನನ್ನನ್ನು ನೋಡಿದರು.

"ಇವರ ಗಾಡಿ ಮ್ಯಾಗ ಬಂದೇನಪಾ? ನಾ ಒಮ್ಮೆ ಕುಂತಾಕಿ, ಅವತ್ತಿಂದ ಆಟೊನೇ. ನೀ ಓಡೋದೇನು ಬ್ಯಾಡ, ದೇಣಿಗಿ ಕೊಡ್ತೀನಿ ತಗೋ."

"ಟ್ರೇನ್ ಇಲ್ಲಂದ್ರ ನಡಿ, ಮನಿಗೆ ಬಿಡ್ತೀನಿ" ಎಂದರು ಕಾಕಾ.

ಮನೆಯವರೆಗೂ ಓಡಿಯೇ ಬಂದೆ ಗೆಳೆಯರೇ, ನಡುವೆ ಎಲ್ಲೂ ನಿಲ್ಲದೆ.