ತುಂಬಿದ ತಲೆಯ ಮೇಲೆ ದೀಪ

ಲಕ್ಷ್ಮೀನರಸಮ್ಮನಿಗೆ ಎಪ್ಪತ್ತೆರಡು ತುಂಬಿತು. ಶಿಡ್ಲಘಟ್ಟದ ಮಗ್ಗುಲ ಊರಿಗೆ ಸೊಸೆಯಾಗಿ ಬಂದ ಮೇಲೆ ಅವಳ ತಲೆ ಖಾಲಿ ಇದ್ದ ದಿನಗಳೇ ಕಡಿಮೆ. ಹಿಪ್ಪುನೇರಳೆ ಸೊಪ್ಪಿನ ಹೊರೆ, ನೀರಿನ ಕೊಡ, ರೇಷ್ಮೆಗೂಡು ತುಂಬಿದ ಬಿದಿರಿನ ಚಂದ್ರಿಕೆ, ಏನೇ ಹೊತ್ತಿದ್ದರೂ ದಾರಿಯಲ್ಲಿ ಸಿಕ್ಕವರ ಕಷ್ಟಸುಖ ನಿಂತು ಕೇಳಿಯೇ ಮನೆ ಸೇರುತ್ತಿದ್ದಳು.

ವರ್ಷಕ್ಕೊಮ್ಮೆ ಊರದೇವತೆ ಸಪ್ಪಲಮ್ಮನಿಗೆ ದೀಪ ಹೊರುವ ದಿನ ಊರಿನ ಮೊದಲ ದೀಪ ಅವಳ ಮನೆಯದು. ತಂಬಿಟ್ಟನ್ನು ಗೋಪುರದ ಹಾಗೆ ಮಾಡಿ, ನೆತ್ತಿಯಲ್ಲಿ ತುಪ್ಪದ ಬತ್ತಿ ಹಚ್ಚಿ, ತಟ್ಟೆ ಸಮೇತ ತಲೆಗೇರಿಸಿ, ಕೈ ಹಿಡಿಯದೆ ಗುಡಿಯವರೆಗೂ ನಡೆಯಬೇಕು. ನಲವತ್ತು ವರ್ಷ ಹೊತ್ತಳು. ಈ ಸಲ ಮಂಡಿ ಒಲ್ಲೆನೆಂದಿತು. ಮೊಮ್ಮಗಳು ಮುನಿಲಕ್ಷ್ಮಿ ತಾನೇ ಹೊರುವುದಾಗಿ ಹಟ ಹಿಡಿದಳು. ದೀಪ ಬಿದ್ದರೆ ಮನೆಗೆ ಅಪಶಕುನ, ಹುಡುಗಿಗೆ ಜೀವಮಾನವಿಡೀ ಊರವರ ಚುಚ್ಚುಮಾತು.

ಇಪ್ಪತ್ತೊಂದರ ಗಟ್ಟಿ ಹುಡುಗಿ. ಆದರೆ ತಟ್ಟೆ ಇಟ್ಟು ನಡೆಸಿ ನೋಡಿದರೆ ಒಂದು ದಿನ ಬಾಣದ ಹಾಗೆ ನಡೆಯುತ್ತಾಳೆ, ಮಾರನೆಯ ದಿನ ಹೊಸಿಲು ದಾಟುವಷ್ಟರಲ್ಲೇ ವಾಲುತ್ತಾಳೆ. ಸೊಸೆ ಶೋಭಾರಾಣಿ ನಿತ್ರಾಣವೆಂದು ಮುದ್ದೆಗೆ ತುಪ್ಪ ಹೆಚ್ಚಿಸಿದಳು. ಮಗ ಕನಕರಾಜ್ ದೃಷ್ಟಿಯೆಂದು ದಾರ ಕಟ್ಟಿಸಿ ತಂದ. ಹುಡುಗಿ ದಪ್ಪಗಾದಳೇ ಹೊರತು ವಾಲುವುದು ನಿಲ್ಲಲಿಲ್ಲ.

ಮುದುಕಿ ಯಾರಿಗೂ ಎದುರಾಡಲಿಲ್ಲ. ಹಿತ್ತಾಳೆ ಚೆಂಬಿಗೆ ಕಂಠಮಟ್ಟ ನೀರು ತುಂಬಿ, ದಿನಾ ಸಂಜೆ ಮೊಮ್ಮಗಳ ತಲೆಯ ಮೇಲಿಟ್ಟು ತುಳಸಿಕಟ್ಟೆಯವರೆಗೆ ನಡೆಸಿದಳು. ಬೆಳಗಿನಿಂದ ಸೊಪ್ಪು ಕೊಯ್ದು ಬೆನ್ನು ಬಿದ್ದುಹೋದ ದಿನವೂ ಒಂದು ಹನಿ ಚೆಲ್ಲಲಿಲ್ಲ. ಬಿ.ಎಸ್ಸಿ ಪರೀಕ್ಷೆಗೆಂದು ಕೂತಲ್ಲೇ ಕೂತು ಲೆಕ್ಕ ಬಿಡಿಸಿದ ದಿನ ಭುಜವೆಲ್ಲ ಒದ್ದೆ. ಪುಸ್ತಕ ಮುಚ್ಚಿ ಎರಡು ಗಂಟೆ ಬಿಟ್ಟು ನಡೆಸಿದರೆ ಮತ್ತೆ ಸರಿ.

ಕೂತಿದ್ದವಳು ಹೆಂಗೆ ಸುಸ್ತಾಗ್ತಾಳೆ ಅಂತ ಕನಕರಾಜ್ ನಕ್ಕ.

"ತಲೆ ಒಳಗೊಂದು ಹೊರೆ ಇರೋವಾಗ ಮೇಲಿನ್ನೊಂದು ಇಟ್ರೆ ಕೂರ್ತದೇನೋ?" ಎಂದಳು ಲಕ್ಷ್ಮೀನರಸಮ್ಮ. "ಕಾಲಿಗೆ ದಾರಿ ಹೇಳೋದೂ ಅದೇ ತಲೆ ಕಣಪ್ಪ."

ತೊಂದರೆ ಎಂದರೆ, ದೀಪದ ಮಂಗಳವಾರವೇ ಚಿಂತಾಮಣಿಯಲ್ಲಿ ಗಣಿತದ ಪರೀಕ್ಷೆ ಬಿತ್ತು. ಮುಗಿಸಿ ಬಸ್ಸಿಳಿಯುವಾಗ ಎರಡೂವರೆ. ಮೊದಲ ದೀಪ ಮೂರಕ್ಕೆ ಹೊರಡಲೇಬೇಕು. ಕೊನೆಯದು ಹೊರಡುವುದು ಐದಕ್ಕೆ.

ಹಿಂದಿನ ದಿನವೇ ಲಕ್ಷ್ಮೀನರಸಮ್ಮ ಕುಂಟುತ್ತ ಎರಡನೆಯ ದೀಪದವಳಾದ ಅಕ್ಕಯ್ಯಮ್ಮನ ಮನೆಗೆ ಹೋಗಿ, ಮೊದಲ ಸರದಿ ನೀನೇ ತಗೋ, ನಮ್ಮದು ಕೊನೆಗಿರಲಿ ಎಂದಳು. ಅಕ್ಕಯ್ಯಮ್ಮನಿಗೆ ಒಳಗೊಳಗೇ ಹಬ್ಬ. ಆದರೂ ಬಾಯಿ ಸುಮ್ಮನಿರಬೇಕಲ್ಲ. ನಲವತ್ತು ವರ್ಷದ ಪಟ್ಟ ಒಂದು ಪರೀಕ್ಷೆಗೆ ಬಿಟ್ಟಿರಲ್ಲ ಎಂದು ಚುಚ್ಚಿದಳು. ಕನಕರಾಜನಂತೂ ರಾತ್ರಿ ತಾಯಿಯ ಜೊತೆ ಮಾತು ಬಿಟ್ಟ.

ಮಂಗಳವಾರ ಮುನಿಲಕ್ಷ್ಮಿ ಬಂದಳು, ಕಣ್ಣು ಕೆಂಪಗೆ. ಪರೀಕ್ಷೆ ಹೇಗಾಯಿತೆಂದು ಯಾರೂ ಕೇಳಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ತಲೆಗೆ ನೀರು ಹಾಕಿಸಿ, ಹುಳದ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಸೋನೆ ಹಿಡಿದ ಹಾಗೆ. ಕನಕರಾಜ್ ಎರಡು ಸಲ ಬಾಗಿಲಿಗೆ ಬಂದ. ಎರಡು ಸಲವೂ ತಾಯಿ ಕೈಬೀಸಿ ಓಡಿಸಿದಳು. ಹುಡುಗಿ ಕಂಬಕ್ಕೊರಗಿ ಅರೆನಿದ್ದೆಗೆ ಜಾರಿದಳು.

ಐದಕ್ಕೆ ತಮಟೆ ಮನೆಮುಂದೆ ಬಂತು. ದೀಪ ತಲೆಗೇರಿತು. ಚರಂಡಿ ದಾಟುವಲ್ಲಿ ತಟ್ಟೆ ಒಂದಿಷ್ಟು ಅಲುಗಿತು. ಮುನಿಲಕ್ಷ್ಮಿ ಗಾಬರಿಯಾಗಲಿಲ್ಲ. ಒಂದು ಕ್ಷಣ ನಿಂತು, ತಮಟೆಯ ಗತಿ ಹಿಡಿದು ಮತ್ತೆ ಹೆಜ್ಜೆ ಇಟ್ಟಳು. ಕೊನೆಯ ದೀಪವಾದ್ದರಿಂದ ತಮ್ಮದು ಮುಗಿಸಿದ ಊರೆಲ್ಲ ಹಿಂದೆ ಬಂತು. ಸಪ್ಪಲಮ್ಮನ ಮುಂದೆ ಇಳಿಸುವಾಗ ಬತ್ತಿ ನೆಟ್ಟಗೆ ಉರಿಯುತ್ತಿತ್ತು.

ಇಷ್ಟು ಜನ ತನ್ನ ದೀಪದ ಹಿಂದೆ ಬಂದಿರಲಿಲ್ಲವೆಂಬುದು ಅಕ್ಕಯ್ಯಮ್ಮನಿಗೆ ಆಗಲೇ ತಟ್ಟಿತ್ತು. ಮೆಲ್ಲಗೆ ಪಕ್ಕಕ್ಕೆ ಬಂದು, "ಬರೋ ವರ್ಷ ನಿಮ್ಮ ಸರದಿ ನೀವೇ ತಗೊಳ್ರಮ್ಮ. ನಾವು ಕೊನೆಗೆ ಬರ್ತೀವಿ" ಎಂದಳು.

"ನೀನೇ ಇಟ್ಕೊಳಮ್ಮ" ಎಂದಳು ಲಕ್ಷ್ಮೀನರಸಮ್ಮ, ಮೊಮ್ಮಗಳ ಬೆನ್ನು ಸವರುತ್ತ. "ಇವಳು ಇನ್ನೂ ಎಂ.ಎಸ್ಸಿ ಓದ್ತಾಳಂತೆ."