ಮೊಳದ ಕೆಳಗಿನ ಮಣ್ಣು

ಹನಕೆರೆಯಾಚೆಯ ನಮ್ಮೂರಿಗೆ ನಾಲೆ ನೀರು ಬಂದು ಆಗ ಹತ್ತು ವರ್ಷವಾಗಿದ್ದಿರಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾವೂ ಹಾಗೆಯೇ. ಕಬ್ಬಿನ ಗರಿ ಹಳದಿಯಾದರೆ ನೀರು, ಇನ್ನಷ್ಟು ಹಳದಿಯಾದರೆ ಇನ್ನಷ್ಟು ನೀರು. ಇದಕ್ಕೆ ಅಡ್ಡ ನಿಂತವನು ನೀರುಗಂಟಿ ಕರಿಸಿದ್ದಯ್ಯ ಒಬ್ಬನೇ. ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ, ಅಲ್ಲಿ ಗೌಡರ ಮಾತೂ ನಡೆಯುತ್ತಿರಲಿಲ್ಲ. ಅಂಥ ಹಠಮಾರಿಯನ್ನು ನಾನು ಕಂಡಿಲ್ಲ.

ಅವನು ಗರಿ ನೋಡುತ್ತಿರಲಿಲ್ಲ. ಗಡಾರಿಯಿಂದ ಮೊಳದಾಳ ತೋಡಿ, ಬೇರಿನ ಮಟ್ಟದ ಮಣ್ಣು ತೆಗೆದು, ಮುಷ್ಟಿಯಲ್ಲಿ ಹಿಸುಕಿ ಉಂಡೆ ಕಟ್ಟುತ್ತಿದ್ದ. ಮಂಡಿಯೆತ್ತರದಿಂದ ಬಿಟ್ಟಾಗ ಉಂಡೆ ಒಡೆದರೆ ನೀರು, ಒಡೆಯದಿದ್ದರೆ ಇಲ್ಲ.

ಎರಡನೆಯ ಮಹಾಯುದ್ಧದ ಕಾಲದ ಒಂದು ಬೇಸಿಗೆ. ಅಕ್ಕಿ ಕಣ್ಣಿಗೆ ಕಾಣದು. ಗಂಡನಿಲ್ಲದ ಚಲುವಮ್ಮನ ಕಬ್ಬಿಗೆ ನೀರಿನ ಪಾಳಿ ಬಂತು. ಉಂಡೆ ಒಡೆಯಲಿಲ್ಲ.

"ಗರಿ ಅಳದಿ ಆಗದೆ ಕಣಪ್ಪ. ಈ ಪಾಳಿ ತಪ್ಪುದ್ರೆ ಇನ್ನ ಅದ್ನೈದು ದಿನ. ನಂಗಿರೋದು ಇದೊಂದೇ ಬೆಳೆ" ಎಂದಳು.

"ಬೇರು ನೀರಲ್ಲೇ ನಿಂತದೆ ಕಣವ್ವ. ಇನ್ನೂ ಬುಟ್ರೆ ಕೊಳ್ತೋಯ್ತದೆ. ಅದ್ನೈದು ದಿನ ತಡೀತದೆ, ಮಾತು ಕೊಡ್ತೀನಿ" ಎಂದು ಕರಿಸಿದ್ದಯ್ಯ ನೀರು ಹೋಗುವ ಮಡೆಗೆ ಮಣ್ಣು ಹಾಕಿ ಕಟ್ಟಿದ.

ಅವನ ಮಾತು ಅರ್ಧ ನಿಜವಾಯಿತು. ವಾರದೊಳಗೆ ಹೊಸ ಗರಿ ಹಸಿರಾಗಿ ಬಂತು. ಆದರೆ ಮಣ್ಣು ಅವತ್ತಿನ ತೇವ ಹೇಳೀತು, ನಾಳೆಯ ಬಿಸಿಲು ಹೇಳೀತೆ? ಒಣಗಾಳಿ ಬೀಸಿತು. ಹತ್ತನೆಯ ದಿನ ತೋಡಿದರೆ ಉಂಡೆಯೇ ಕಟ್ಟಲಿಲ್ಲ, ಮಣ್ಣು ಬೆರಳ ಸಂದಿಯಲ್ಲಿ ಹುಡಿಹುಡಿಯಾಗಿ ಸುರಿಯಿತು. ಚಲುವಮ್ಮನ ಪಾಳಿಗೆ ಇನ್ನೂ ಐದು ದಿನವಿತ್ತು. ಇನ್ನೊಬ್ಬರ ಪಾಳಿ ಕದಿಯುವ ಹಾಗಿಲ್ಲ.

ಮಾರನೆಯ ದಿನ ಅವನದೇ ಪಾಳಿ. ನೀರುಗಂಟಿಕೆಗೆಂದು ಊರು ಅವನಿಗೆ ಬಿಟ್ಟಿದ್ದ ತುಂಡು ಗದ್ದೆಯಲ್ಲಿ ಭತ್ತ ತೆನೆ ಬಿಟ್ಟು, ಕಾಳು ಕಟ್ಟಲು ನೀರು ಬೇಡುತ್ತ ನಿಂತಿತ್ತು. ಅವನು ನೀರನ್ನು ಪೂರಾ ಚಲುವಮ್ಮನ ಕಬ್ಬಿಗೆ ತಿರುಗಿಸಿದ.

ಹೆಂಡತಿ ಮಹದೇವಮ್ಮ ಬದುವಿನ ಮೇಲೆ ಓಡಿ ಬಂದಳು. "ನಮ್ಮ ಗದ್ದೆ ನೋಡುದ್ಯಾ?"

"ನೋಡ್ದೆ. ಬಿರುಕು ಬುಟ್ಟದೆ."

"ನೋಡೂ ಇಂಗ್ ಮಾಡುದ್ಯಾ?"

"ಆಯಮ್ಮನ ಕಬ್ಬು ತಡೀತದೆ ಅಂದೋನು ನಾನು. ಮಾತು ತಪ್ಪುದ್ರೆ ನಷ್ಟ ನಮ್ದೇ ಕಣೆ, ಆಯಮ್ಮಂದಲ್ಲ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೋದಳು.

ಕಬ್ಬು ಉಳಿಯಿತು. ವಿಷಯ ತಿಳಿದ ಚಲುವಮ್ಮ ತನ್ನ ಪಾಳಿ ಬಂದ ದಿನ ಗುದ್ದಲಿ ಹಿಡಿದು ಬಂದು, ತಾನೇ ನೀರನ್ನು ಅವನ ಗದ್ದೆಯ ಕಡೆ ತಿರುಗಿಸಲು ಬಗ್ಗಿದಳು.

ಕರಿಸಿದ್ದಯ್ಯ ತನ್ನ ಭತ್ತದ ಒಂದು ತೆನೆ ಕಿತ್ತು ಉಜ್ಜಿ ಅವಳ ಕೈಗೆ ಹಾಕಿದ. ಬರೀ ಜೊಳ್ಳು.

"ಬ್ಯಾಡ ಕಣವ್ವ, ಕಾಳು ಕಟ್ಟೋ ಕಾಲ ಮುಗುದೋಯ್ತು. ನೀರ ನಿನ್ ಕಬ್ಬಿಗೇ ಬುಟ್ಕೊ" ಎಂದ.